ಮೊದಲನೇ ನಂಬರಿನ ಹುಡುಗಿ

ಜೇವರ್ಗಿ ಹಾಸ್ಟೆಲ್ಲಿನ ಪಟ್ಟಿಯಲ್ಲಿ ನಲವತ್ತು ಹುಡುಗಿಯರಿದ್ದಾರೆ ಎಂದು ಎಲ್ಲರೂ ನಂಬಿದ್ದರು. ವಾರ್ಡನ್ ನಂಬಿದ್ದರು. ಸಂಸ್ಥೆಯ ಕಾರ್ಯದರ್ಶಿ ನಂಬಿದ್ದರು. ಸೀಟು ಸಿಗದೆ ಉಳಿದ ನಲವತ್ತೊಂದನೆಯ ಹುಡುಗಿಯ ತಾಯಿಯೂ ನಂಬಿದ್ದಳು. ಪಟ್ಟಿ ತೋರಿಸುವ ಸಾಫ್ಟ್‌ವೇರ್ ಮಾಡಿದವನು ನಾನು. ನಾನೂ ನಂಬಿದ್ದೆ.

ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ ಕಲಬುರಗಿಯ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಡೇಟಾಬೇಸಿನೊಳಗೆ ಇರುವುದನ್ನು ತೆರೆಯ ಮೇಲೆ ಸಾಲು, ಕಾಲಂ ಮಾಡಿ ತೋರಿಸುವುದು ನಮ್ಮ ಕಸುಬು. ಕಾಲಂನ ತಲೆಯ ಮೇಲೆ ಒತ್ತಿದರೆ ಸಾಲುಗಳು ಏರಿಕೆಯಲ್ಲೋ ಇಳಿಕೆಯಲ್ಲೋ ಜೋಡಣೆಯಾಗಬೇಕು; ಅದು ಸಾರ್ಟ್. ಬೇಡದ ಸಾಲುಗಳು ಮರೆಯಾಗಬೇಕು, ಅದು ಫಿಲ್ಟರ್. ಈ ಎರಡು ಹೇಗಿರಬೇಕೆಂದು ಯೋಚಿಸುವುದಕ್ಕೆ ನನಗೆ ಸಂಬಳ. ಕೇಳಿದವರು "ಅಷ್ಟೇನಾ?" ಎನ್ನುತ್ತಾರೆ. ಅಷ್ಟೇ. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಹಾಸ್ಟೆಲ್ ನಡೆಸುವ ಸಂಸ್ಥೆಯೊಂದು ನಮ್ಮ ಗಿರಾಕಿಯಾದ ಮೇಲೆ, ಅಷ್ಟರಲ್ಲೇ ಏನೇನು ಆಗಬಹುದೋ ಅದೆಲ್ಲ ಆಗಿದೆ. ಆಗುತ್ತಲೇ ಇದೆ.

೧. ಆಳಂದದ ಮೊಳೆಗಳು

ಮೊದಲ ಆವೃತ್ತಿಯಲ್ಲಿ ಕೋಣೆ ನಂಬರುಗಳನ್ನು ಸಾರ್ಟ್ ಮಾಡಿದರೆ ಒಂದರ ನಂತರ ಹತ್ತು, ಹನ್ನೊಂದು, ಹನ್ನೆರಡು ಬಂದು ಆಮೇಲೆ ಎರಡು ಬರುತ್ತಿತ್ತು. ಯಂತ್ರ ಅವನ್ನು ಅಂಕಿಗಳೆಂದು ತಿಳಿಯದೆ ಅಕ್ಷರಗಳೆಂದು ಓದುತ್ತಿತ್ತು. ತಪ್ಪು ನನ್ನದು. ಒಂದು ತಿಂಗಳಲ್ಲಿ ಸರಿಪಡಿಸಿದೆ. ಎರಡು ದಿನಕ್ಕೆ ಆಳಂದದ ಗುಮಾಸ್ತ ಫೋನ್ ಮಾಡಿದ.

"ಸರ, ಏನ್ ಮಾಡಿ ಇಟ್ಟೀರಿ? ಒಂದೂ ಕೀಲಿ ಸಿಗವಲ್ದು."

"ಕೀಲಿಗೂ ನನಗೂ ಏನು ಸಂಬಂಧ?"

"ಪಟ್ಟ್ಯಾಗ ಹೆಂಗ ಇತ್ತೋ ಹಂಗ ಗ್ವಾಡಿಗೆ ಮೊಳೆ ಹೊಡದೇನಿ. ಒಂದು, ಹತ್ತು, ಹನ್ನೊಂದು, ಹನ್ನೆರಡು, ಆಮ್ಯಾಲ ಎರಡು. ಕೆಳಗ ಪೇಂಟರ್ ಕಡೆಯಿಂದ ನಂಬರ್ ಬರಸೇನಿ. ಆಯಿಲ್ ಪೇಂಟ್."

"ಒಂದರ ಮುಂದ ಹತ್ತು ಹೆಂಗ ಬರ್ತದ ಅಂತ ನಿಮಗ ಅನಸ್ಲಿಲ್ಲೇನ್ರಿ?"

"ಅನಸ್ತು. ಕಲಿತವರು ಮಾಡ್ಯಾರ, ಏನೋ ಕಾರಣ ಇರ್ತದ ಅಂತ ಸುಮ್ನಾದೆ."

ಹಳೆಯ ತಪ್ಪನ್ನು ವಾಪಸು ತಂದು ಕೊಟ್ಟೆ. ಈಗ ಮೆನುವಿನಲ್ಲಿ ಮೂರು ಆಯ್ಕೆಗಳಿವೆ: ಏರಿಕೆ, ಇಳಿಕೆ, ಆಳಂದ. ಹೋದ ತಿಂಗಳು ಅಫಜಲಪುರದವರು, ತಮ್ಮ ಊರಿನ ಹೆಸರಿನಲ್ಲೂ ಒಂದು ಬೇಕು ಎಂದು ಅರ್ಜಿ ಕೊಟ್ಟಿದ್ದಾರೆ.

೨. ಹಾಳೆಯ ಮೇಲಿದ್ದವರು

ಅಫಜಲಪುರದ್ದು ಹುಡುಗರ ಹಾಸ್ಟೆಲ್, ಅರವತ್ತು ಜನ. ಒಂದು ಸಂಜೆ ಅಲ್ಲಿನ ಮೇಲ್ವಿಚಾರಕರು ಹಿರೋಳ್ಳಿಯ ಹುಡುಗರ ಫೋನ್ ನಂಬರ್ ಹುಡುಕಲು ಊರಿನ ಕಾಲಂಗೆ ಫಿಲ್ಟರ್ ಹಾಕಿದರು. ಮೂವರು ಸಿಕ್ಕರು. ಫಿಲ್ಟರ್ ತೆಗೆಯದೆ ಮನೆಗೆ ಹೋದರು. ಬೆಳಿಗ್ಗೆ ಅಡಿಗೆಯವನು ಎಂದಿನಂತೆ ಪಟ್ಟಿ ಪ್ರಿಂಟ್ ತೆಗೆದುಕೊಂಡು ಹೋಗಿ ಮೂರು ಜನಕ್ಕೆ ರೊಟ್ಟಿ ಬಡಿದ.

ಮೇಲ್ವಿಚಾರಕರ ಫೋನ್ ಬಂತು. "ಐವತ್ತೇಳು ಹುಡುಗ್ರು ಹೋಗಿಬಿಟ್ಟಾರ್ರಿ!"

"ಎಲ್ಲಿಗೆ?"

"ಎಲ್ಲಿಗಿ ಅಂದ್ರ, ಇಲ್ಲೇ ಕುಂತಾರ. ತಾಟು ಬಡಿಯಾಕತ್ತಾರ."

"ಮತ್ತ ಹೋಗ್ಯಾರ ಅಂತೀರಿ?"

"ಪಟ್ಟ್ಯಾಗಿಂದ ಹೋಗ್ಯಾರ್ರಿ."

ಹಿಂದಿನಿಂದ ಅಡಿಗೆಯವನ ದನಿ ಕೇಳಿಸಿತು: "ನಂಗ ಹಾಳಿ ಮ್ಯಾಲ ಇದ್ದವ್ರೇ ಮಂದಿ. ಉಳದವ್ರು ಯಾರೋ ನಂಗೊತ್ತಿಲ್ಲ."

ಅವತ್ತು ಹುಡುಗರು ಮಧ್ಯಾಹ್ನದವರೆಗೆ ಉಪವಾಸವಿದ್ದರು. ನಾನು ಕೂತು, ಫಿಲ್ಟರ್ ಹಾಕಿದಾಗಲೆಲ್ಲ ತೆರೆಯ ಮೇಲ್ಭಾಗದಲ್ಲಿ ಕೆಂಪು ಪಟ್ಟೆ ಬರುವಂತೆ ಮಾಡಿದೆ: 'ಅರವತ್ತರಲ್ಲಿ ಮೂರು ಸಾಲು ಮಾತ್ರ ಕಾಣುತ್ತಿವೆ.' ಮುಂದಿನ ಸಲ ಹೋದಾಗ ನೋಡಿದರೆ, ಆ ಜಾಗಕ್ಕೆ ಸರಿಯಾಗಿ ಮಾನಿಟರಿಗೆ ಕರಿ ಟೇಪು ಅಂಟಿಸಿದ್ದರು.

"ಕೆಂಪು ಕಂಡ್ರ ಮ್ಯಾಲಿನವ್ರು ಏನೋ ಆಗ್ಯಾದ ಅಂತ ಕೇಳ್ತಾರ್ರಿ," ಎಂದರು ಮೇಲ್ವಿಚಾರಕರು.

"ಏನೋ ಆದಾಗಲೇ ಅದು ಬರೋದು."

"ಅದಕ್ಕೇ ಮುಚ್ಚೇನಿ."

೩. ಜೇವರ್ಗಿಯ ಶಾಲು

ಜೇವರ್ಗಿಯಲ್ಲಿ ಪಿಯುಸಿ ಹುಡುಗಿಯರಿಗೆ ಮಲಗಲು ನಲವತ್ತು ಕಾಟು. ಎಸ್ಸೆಸ್ಸೆಲ್ಸಿ ಅಂಕದ ಕಾಲಂ ಅನ್ನು ಇಳಿಕೆಯಲ್ಲಿ ಸಾರ್ಟ್ ಮಾಡಿದರೆ ಮೊದಲ ನಲವತ್ತು ಸಾಲು ಹಸಿರಾಗುತ್ತವೆ. ಹಸಿರಾದವರಿಗೆ ಸೀಟು. ಇದು ನನ್ನದೇ ವಿನ್ಯಾಸ. ಕಾರ್ಯದರ್ಶಿ ಮೆಚ್ಚಿ ಚಹಾ ಕುಡಿಸಿದ್ದರು.

ನಲವತ್ತೊಂದನೆಯವಳು ಯಡ್ರಾಮಿ ಆಚೆಯ ಹಳ್ಳಿಯ ಹುಡುಗಿ. ಊರಿಗೆ ಸಂಜೆ ಒಂದೇ ಬಸ್ಸು. ಅದು ಮುಟ್ಟುವಾಗ ಕತ್ತಲಾಗಿರುತ್ತಿತ್ತು. ತಪ್ಪಿದರೆ ಬಸ್‌ಸ್ಟ್ಯಾಂಡೇ ಗತಿ. ತಾಯಿ ಕೂಲಿ ಬಿಟ್ಟು ಪ್ರತಿ ಸೋಮವಾರ ಹಾಸ್ಟೆಲ್ಲಿಗೆ ಬಂದು, ಯಾರಾದರೂ ಬಿಟ್ಟು ಹೋಗಿದ್ದಾರೆಯೇ ಎಂದು ಕೇಳುತ್ತಿದ್ದಳು. ಒಂದು ಸೋಮವಾರ ನಾನೂ ಅಲ್ಲಿದ್ದೆ.

"ಒಂದ್ ಕಾಟ್ ಖಾಲಿ ಅದಲ್ರಿ ಮೇಡಂ," ಎಂದಳು.

"ಖಾಲಿ ಅಲ್ಲವ್ವ ಅದು," ಎಂದರು ವಾರ್ಡನ್. "ಮೊದಲ್ನೇ ನಂಬರಿನಾಕಿದು. ಆರುನೂರಾ ಇಪ್ಪತ್ತೈದಕ್ಕ ಆರುನೂರಾ ಇಪ್ಪತ್ತೈದು ತಗೊಂಡಾಳ. ನಾಳೆ ಬಂದ್ರ ಅಂಥಾಕೀನ ಎಲ್ಲಿ ಮಲಗಸ್ಲಿ, ನನ್ನ ತಲಿ ಮ್ಯಾಲ?"

"ಎರಡ್ ತಿಂಗಳಾತಲ್ರಿ, ಬಂದಿಲ್ಲ."

"ಕೊಲ್ಹಾಪುರದಿಂದ ಬರಬೇಕು. ಶಾಣ್ಯಾ ಹುಡುಗ್ಯಾರು ನಿಧಾನ ಬರ್ತಾರ."

ಕೊಲ್ಹಾಪುರದ ಆ ಹುಡುಗಿಗೆ ಬರೆದ ಪತ್ರ 'ವಿಳಾಸ ಅಪೂರ್ಣ' ಎಂದು ತಿರುಗಿ ಬಂದಿತ್ತು. ಕಾರ್ಯದರ್ಶಿ ಸನ್ಮಾನಕ್ಕೆಂದು ಶಾಲು ತರಿಸಿ ಕಪಾಟಿನಲ್ಲಿ ಇಡಿಸಿದ್ದರು. ಅಷ್ಟು ಅಂಕ ತೆಗೆದವಳ ಫೋಟೋ ಯಾವ ಪತ್ರಿಕೆಯಲ್ಲೂ ಏಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಎಲ್ಲವನ್ನೂ ಅನುಮಾನಿಸುವವನು ಎಂದು ಹೆಸರು ಮಾಡಿದ ನಾನೂ ಕೇಳಲಿಲ್ಲ.

ತಾಯಿ ನನ್ನ ಕಡೆ ತಿರುಗಿದಳು. "ಸರ, ನಿಮ್ಮ ಮಷೀನಿಗೆ ಒಂದ್ ಸಲ ಕೇಳ್ರಿ. ದಸರಾತನ ನೋಡ್ತೇನಿ. ಆಮ್ಯಾಲ ಕಾಲೇಜ್ ಬಿಡಸ್ತೇನಿ. ವಯಸ್ಸಿಗಿ ಬಂದ ಹುಡುಗೀನ ದಿನಾ ಕತ್ತಲ್ಯಾಗ ನಿಂದ್ರಸಾಕ ಆಗಂಗಿಲ್ಲ."

'ಸೀಟು ಸಿಕ್ಕಿಯೂ ಇನ್ನೂ ಸೇರದವರು' ಎಂದು ಫಿಲ್ಟರ್ ಹಾಕಿದೆ. ಒಂದೇ ಸಾಲು ಬಂತು. ಲಕ್ಷ್ಮೀ, ತಂದೆ ಸಾಗರಪ್ಪ, ಕೊಲ್ಹಾಪುರ, 625. ಪಕ್ಕದಲ್ಲಿದ್ದ, ಪಟ್ಟಿಗೆ ಹೆಸರು ತುಂಬುವ ಆಪರೇಟರ್ ತೆರೆಯ ಕಡೆ ನೋಡಿ ಕೈ ಮುಗಿದ. ನನ್ನ ಕೆಲಸಕ್ಕೆ ಮುಗಿದನೆಂದುಕೊಂಡೆ.

"ಪಟ್ಟಿ ಸರಿಯಾಗಿದೆ," ಎಂದೆ.

"ದೇವರ ಮ್ಯಾಲ ಭಾರ ಹಾಕವ್ವ," ಎಂದ ಆಪರೇಟರ್.

"ನಮ್ಮನ್ಯಾಗ ದೇವರಿಲ್ರಿ, ಬುದ್ಧ ಅದಾನ," ಎಂದಳು ಆಕೆ. "ಅಂವ ಸೀಟು ಕೊಡಸಂಗಿಲ್ಲ."

೪. ಕಡೆಯ ದೂರು

ದಸರಾ ಮುಗಿದು ಎರಡು ವಾರಕ್ಕೆ ಅದೇ ಆಪರೇಟರ್ ಫೋನ್ ಮಾಡಿದ.

"ಸರ, ಇಷ್ಟು ದಿನ ತಡಕೊಂಡೆ. ಇನ್ನ ಆಗಂಗಿಲ್ಲ. ಅಂಕ ಇಳಿಕಿ ಮಾಡಿದ್ರ ಆಕಿ ಮ್ಯಾಲ ಇರ್ತಾಳ, ಚಲೋ. ಏರಿಕಿ ಮಾಡಿದ್ರ ತಳಕ್ಕ ಹೋಗ್ತಾಳ. ಏನ್ ಒತ್ತಿದ್ರೂ ಮೊದಲ್ನೇ ಸಾಲು ಅಲುಗಾಡಬಾರ್ದು, ಹಂಗ ಮಾಡಿಕೊಡ್ರಿ."

"ಯಾರ್ರಿ ತಳಕ್ಕ ಹೋಗೋದು?"

"ಲಕ್ಷ್ಮೀ."

"ಆ ಹುಡುಗಿ ಬಂದಳೇನು?"

"ಹುಡುಗಿ ಅಂತೀರಲ್ರಿ ಸರ. ಗಲ್ಲ ಬಡಕೋರಿ," ಎಂದ.

ಹಾಸ್ಟೆಲ್ಲಿಗೆ ಬರುವ ಮೊದಲು ಅವನು ಹದಿನೆಂಟು ವರ್ಷ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದವನು. ಅಲ್ಲಿ ಹೊಸ ಪುಸ್ತಕದ ಮೊದಲ ಸಾಲು ದೇವರದು. ಎರಡನೆಯ ಸಾಲಿನಿಂದ ಮನುಷ್ಯರು.

"ಇಲ್ಲೂ ಹಂಗೇ ಸುರು ಮಾಡ್ದೆ," ಎಂದ. "ನಿಮ್ಮ ಸಾಫ್ಟ್‌ವೇರ್ ಬರೀ ಹೆಸರು ತಗೋವಲ್ದು. ತಂದಿ ಹೆಸರು ಹಾಕು, ಊರು ಹಾಕು ಅಂತು. ಆಕಿ ಸಮುದ್ರರಾಜನ ಮಗಳಲ್ರಿ, ಅದಕ್ಕ ಸಾಗರಪ್ಪ ಅಂದೆ. ಇರೋದು ಕೊಲ್ಹಾಪುರದಾಗ, ಅದನ್ನೇ ಹಾಕ್ದೆ. ಜಾತಿ ಕೇಳ್ತು. 'ಇತರೆ' ಒತ್ತಿದೆ."

"ಆರುನೂರಾ ಇಪ್ಪತ್ತೈದು?"

"ಮತ್ತ ದೇವರಿಗಿ ಜಸ್ಟ್ ಪಾಸ್ ಹಾಕ್ಲೇನ್ರಿ?"

"ವಾರ್ಡನ್ ಆಕಿ ಸಲುವಾಗಿ ಕಾಟ್ ಹಿಡದು ಇಟ್ಟಿದ್ರಲ್ರಿ. ನೀವು ಹೇಳಬಾರ್ದಾ?"

"ಮೇಡಂ ದೇವರಿಗಿ ಅಂತ ಒಂದ್ ಕಾಟ್ ತಗದಿಟ್ಟಾರ, ಭಕ್ತಿ ಅದ ಅನ್ಕೊಂಡೆ. ನಾ ಯಾಕ ಬ್ಯಾಡ ಅನ್ಲಿ?"

ಯಾವ ಕಾಲಂ ಕೂಡ ಖಾಲಿ ಇರಬಾರದು ಎಂಬ ನಿಯಮ ನನ್ನದು. ಮೊದಲ ನಲವತ್ತು ಸಾಲು ಹಸಿರಾಗಬೇಕು ಎಂಬುದೂ ನನ್ನದು. ಸೋಮವಾರ ಬರುತ್ತಿದ್ದ ತಾಯಿಯ ಬಗ್ಗೆ ಕೇಳಿದೆ.

"ಬರೂದು ಬಿಟ್ಟಾಳ್ರಿ. ದಸರಾ ಆತಲ್ಲ. ಮಗಳನ್ನ ಕಾಲೇಜ್ ಬಿಡಿಸ್ಯಾಳಂತ. ಇಬ್ಬರೂ ಹತ್ತಿ ಬಿಡಸಾಕ ಹೋಗ್ತಾರಂತ." ಅದೇ ಉಸಿರಿನಲ್ಲಿ ಕೇಳಿದ: "ಮೊದಲ್ನೇ ಸಾಲಿಂದು ಯಾವಾಗ ಮಾಡಿಕೊಡ್ತೀರಿ ಸರ?"

ಫೋನ್ ಇಟ್ಟು ಪಟ್ಟಿ ತೆರೆದೆ. ಅಂಕದ ಕಾಲಂ ಇಳಿಕೆಯಲ್ಲಿತ್ತು. ಹಸಿರು ಸಾಲುಗಳನ್ನು ಬೆರಳಿಟ್ಟು, ಎರಡನೆಯದರಿಂದ ಎಣಿಸಿದೆ.

ಪಟ್ಟಿಯಲ್ಲಿದ್ದ ಹುಡುಗಿಯರು ಮೂವತ್ತೊಂಬತ್ತು.