ಅವ್ವ ಹರಕೆ ಹೊತ್ತ ನನ್ನ ಕೂದಲು

ವಸ್ತುಗಳನ್ನು ಜೋಪಾನವಾಗಿ ಇಡುವವರೇ ಅವುಗಳನ್ನು ಕಳೆದುಕೊಳ್ಳುವುದು ಎಂದು ನನ್ನ ಅನುಭವ ಹೇಳುತ್ತದೆ. ಸಿಕ್ಕಲ್ಲಿ ಬಿಸಾಡುವವರಿಗೆ ಈ ಕಷ್ಟವಿಲ್ಲ, ಅವರ ಕೀಲಿ ತಿಂಡಿ ತಟ್ಟೆಯ ಪಕ್ಕದಲ್ಲೇ ಬಿದ್ದಿರುತ್ತದೆ. ನಾನು ಹಾಗಲ್ಲ. ಯೋಚಿಸಿ, ತಕ್ಕ ಕಾರಣಗಳ ಸಮೇತ ಒಂದು ಜಾಗ ಆರಿಸಿ ಇಡುತ್ತೇನೆ. ಆಮೇಲೆ ಕಾರಣಗಳೆಲ್ಲ ನೆನಪಿರುತ್ತವೆ, ಜಾಗ ನೆನಪಿರುವುದಿಲ್ಲ. ದಿಂಡಿಗಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ಇದನ್ನು ಹೊರಗೆ ಹೇಳಬಾರದು. ಅದರಲ್ಲೂ ರಜೆಯ ದಿನ ಸುತ್ತಲಿನ ಶಾಲೆಗಳಿಗೆ ಹೋಗಿ, ಕಣ್ಣಾರೆ ಕಂಡದ್ದನ್ನೂ ಎರಡು ಸಲ ಪರೀಕ್ಷಿಸಿ ಎಂದು ಮೂಢನಂಬಿಕೆಯ ವಿರುದ್ಧ ಭಾಷಣ ಮಾಡುವವನು ಹೇಳಲೇಬಾರದು.

ತೇನಿ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಕಂಬಂನಲ್ಲಿದ್ದ ನನ್ನ ತಂಗಿಯ ಮಗಳು ದೊಡ್ಡವಳಾಗಿ, ಆರತಿಯ ದಿನ ಗೊತ್ತಾಗಿತ್ತು. ನಮ್ಮವರಲ್ಲಿ ಸೋದರಮಾವ ಸೀರು ತರಬೇಕು, ಅಂದರೆ ರೇಷ್ಮೆ ಸೀರೆ, ಸರ, ಹೂವು ಹಣ್ಣುಗಳ ತಟ್ಟೆ. ಅದು ಬರುವ ತನಕ ಹುಡುಗಿಯನ್ನು ಹಸೆಯ ಮೇಲೆ ಕೂರಿಸುವುದಿಲ್ಲ. ಆ ಹುಡುಗಿಗೆ ಇರುವ ಮಾವ ನಾನೊಬ್ಬನೇ. ಸೀರೆ, ಸರ ಎರಡೂ ಅಪ್ಪನ ಕಾಲದ ಮರದ ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಗೆ ಮಾವಿನಕಾಯಿ ಆಕಾರದ ದಿಂಡಿಗಲ್ ಬೀಗ. ನಮ್ಮ ಬೀಗಗಳ ಬಗ್ಗೆ ನಮಗೆ ಬಹಳ ಹೆಮ್ಮೆ. ಹೊರಡುವ ಬೆಳಗ್ಗೆ ಅದರ ಕೀಲಿ ಕಾಣದಿದ್ದಾಗ ಮಾತ್ರ, ಇಷ್ಟೊಂದು ಗಟ್ಟಿಯಾಗಿ ಯಾಕಾದರೂ ಮಾಡುತ್ತಾರೋ ಎನ್ನಿಸಿತು. ಒಡೆಯೋಣವೆಂದರೆ ಅವ್ವ ಅಡ್ಡ ನಿಂತಳು. ಬೀಗ ಒಡೆದ ಮನೆಯಿಂದ ಸೀರು ಹೊರಡಬಾರದಂತೆ. ಯಾವ ಶಾಸ್ತ್ರದಲ್ಲಿದೆ ಎಂದು ಕೇಳಿದೆ. ಕೀಲಿಯನ್ನು ಕಳೆಯಬೇಕು ಅಂತ ಯಾವ ಶಾಸ್ತ್ರದಲ್ಲಿದೆ ಎಂದು ನನ್ನ ಹೆಂಡತಿ ಕೇಳಿದಳು. ಅಷ್ಟರಲ್ಲಿ ತಂಗಿ ಕಂಬಂನ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿ, ಹೊರಟರಾ ಎಂದು ವಿಚಾರಿಸಿದ್ದಾಯಿತು. ಹೊರಟೆವು ಎಂದು ಹೇಳಿಸಿದೆ.

ಮೂವರೂ ಮನೆಯನ್ನು ತಲೆಕೆಳಗು ಮಾಡಿದೆವು. ಕೊನೆಗೆ ಕೀಲಿ ನನಗೇ ಸಿಕ್ಕಿತು. ಕಾಲೇಜಿನವರು ಬೇಡವೆಂದು ಬಿಟ್ಟಿದ್ದ ತೂಕದ ಕಲ್ಲುಗಳ ಪೆಟ್ಟಿಗೆಯೊಂದು ನನ್ನ ಕೋಣೆಯಲ್ಲಿತ್ತು. ಅದರಲ್ಲಿ ಒಂದು ಕಲ್ಲು ಇರಲಿಲ್ಲ. ಆ ಖಾಲಿ ಗುಳಿಯಲ್ಲಿ ಕೀಲಿ ಇಟ್ಟರೆ ಎಂದೂ ಮರೆಯುವುದಿಲ್ಲ ಎಂದು ಅಲ್ಲಿ ಇಟ್ಟಿದ್ದೆ. ಸಿಕ್ಕಿತು ಎಂದು ಕೂಗುತ್ತ ಹೊರಗೆ ಬಂದರೆ, ಅವ್ವ ದೇವರ ಮೂಲೆಯಲ್ಲಿ ಅರಿಶಿನದ ಬಟ್ಟೆಗೆ ನಾಣ್ಯ ಗಂಟು ಹಾಕಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಕೀಲಿ ಸಿಕ್ಕರೆ ಆಂಡಿಪಟ್ಟಿ ಕಡೆಯ ನಮ್ಮ ಕುಲದೇವತೆಗೆ ಮುಡಿ ಕೊಡುವುದಾಗಿ ಹರಕೆ. ಯಾರ ಮುಡಿ ಎಂದು ಕೇಳಿದೆ.

"ನಿಂದೇ ರಾಸಾ. ಸಾವಿಯ ಕಳ್ದಿದ್ದು ನಿನ್ ತಲೆ ತಾನೇ."

ಕೀಲಿಗೆ ನಾವು ಮನೆಯಲ್ಲಿ ಸಾವಿ ಎನ್ನುತ್ತೇವೆ. ಕನ್ನಡ ನಾಡು ಬಿಟ್ಟು ಎಷ್ಟೋ ತಲೆಮಾರಾಗಿದೆ, ಅರ್ಧ ಮಾತು ತಮಿಳಾಗಿದೆ. ಅನ್ಯರ ತಲೆಯ ಮೇಲೆ ಹರಕೆ ಹೊರುವ ಪದ್ಧತಿ ಮಾತ್ರ ಎರಡೂ ಭಾಷೆಗಳಲ್ಲಿ ಸೊಗಸಾಗಿ ಉಳಿದುಕೊಂಡಿದೆ.

ಬಸ್ಸಿನಲ್ಲಿ ನಾನು ವಾದ ಹೂಡಿದೆ. ಗಂಟು ಕಟ್ಟುವ ಮೊದಲೇ ನನಗೆ ಜಾಗ ನೆನಪಾಗಿತ್ತು, ಕಾರಣಕ್ಕಿಂತ ಮೊದಲು ಕಾರ್ಯ ನಡೆಯುವುದಿಲ್ಲ, ಆದ್ದರಿಂದ ಹರಕೆ ಲೆಕ್ಕಕ್ಕಿಲ್ಲ. ನೆನಪಾದಾಗ ಕೈಯಲ್ಲಿ ಕಾಫಿ ಲೋಟವಿತ್ತು, ಅದರ ಬಿಸಿ ಕೂಡ ಈಗಲೂ ಬೆರಳಿಗೆ ಗೊತ್ತು ಎಂದೆ. ಇವತ್ತು ಮನೆಯಲ್ಲಿ ಕಾಫಿಯನ್ನೇ ಮಾಡಿಲ್ಲ, ಹಾಲು ಒಡೆದಿತ್ತು ಎಂದಳು ಹೆಂಡತಿ. ನಾನು ಕಿಟಕಿಯ ಕಡೆ ತಿರುಗಿದೆ. ವತ್ತಲಗುಂಡು ದಾಟುವವರೆಗೂ ಆ ಲೋಟ ನನ್ನ ಕೈಯಲ್ಲೇ ಇತ್ತು, ಅಷ್ಟು ಸ್ಪಷ್ಟವಾಗಿ. ಕುಡಿಯದ ಕಾಫಿಯನ್ನು ಇಷ್ಟು ನಿಖರವಾಗಿ ನೆನೆಯುವ ತಲೆಯನ್ನು ನಂಬಿ ನಾನು ಇಷ್ಟು ವರ್ಷ ಯಾವ ಯಾವ ಪ್ರಯೋಗಗಳ ಫಲಿತಾಂಶ ಹೇಳಿದ್ದೇನೋ! ಅವ್ವ ಆ ಗಾಯಕ್ಕೆ ಉಪ್ಪು ಸವರಿದಳು.

"ಸಾವಿ ಮಡಗಿದ ಜಾಗ ನೆಪ್ಪಿಲ್ದೋನ್ಗೆ, ನೆಪ್ಪಾದ ಹೊತ್ತು ಮಾತ್ರ ನೆಪ್ಪೈತಾ?"

ಹಾಗಾದರೆ ಕೀಲಿಯನ್ನು ಇನ್ನೊಮ್ಮೆ ಕಳೆದು, ಹರಕೆಯಿಲ್ಲದೆ ಸಿಗುತ್ತದೋ ನೋಡೋಣ ಎಂದೆ. ಅಮ್ಮೋರು ನಿನ್ನ ಕಾಲೇಜಿನ ಪಿಳ್ಳೆಯಲ್ಲ, ನೀನು ಕರೆದಾಗೆಲ್ಲ ಪರೀಕ್ಷೆ ಬರೆಯಲು ಎಂದಳು ಅವ್ವ.

ಸೀರು ವೇಳೆಗೆ ಸರಿಯಾಗಿ ತಲುಪಿತು, ಹುಡುಗಿ ಹಸೆಯ ಮೇಲೆ ನಗುತ್ತ ಕೂತಳು. ಆದರೆ ಊಟದ ಪಂಕ್ತಿ ಮುಗಿಯುವುದರೊಳಗೆ ಅವ್ವ ಹರಕೆಯ ಕಥೆಯನ್ನು ಕಂಬಂನ ನಂಟರಿಗೆಲ್ಲ ಹಂಚಿಬಿಟ್ಟಿದ್ದಳು. ತಂಗಿ ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದಳು. ನನ್ನ ಮಗಳ ಸೀರಿಗೆ ಹೊತ್ತದ್ದಣ್ಣಾ, ತೀರಿಸದೆ ಬಿಟ್ಟರೆ ಅವಳ ಮೇಲೆ ಬರುತ್ತದೆ ಎಂದಳು. ಬಿ.ಎಸ್ಸಿ. ಓದಿದವಳು, ನಾನೇ ಓದಿಸಿದ್ದು. ದೇವತೆ ಬಾಕಿ ವಸೂಲಿಗೆ ಬರುವುದಿಲ್ಲವೆಂದು ತಿಳಿಸಿ ಹೇಳಿದೆ. ಬರದಿದ್ದರೆ ಒಳ್ಳೆಯದೇ, ಬಂದರೆ ಎಂದು ಕೇಳಿ ಕಣ್ಣು ಒರೆಸಿಕೊಂಡಳು. ಅಲ್ಲಿಗೆ ನನ್ನ ಭೌತಶಾಸ್ತ್ರ ಮುಗಿಯಿತು. ಮುಂದಿನ ವಾರ ನಿಲಕ್ಕೋಟ್ಟೈ ಶಾಲೆಯಲ್ಲಿ ಹರಕೆ, ಶಕುನಗಳ ವಿರುದ್ಧ ನನ್ನ ಭಾಷಣವಿತ್ತು. ಬೋಳು ತಲೆಯಲ್ಲಿ ಹೋಗಿ ಏನು ಹೇಳಲಿ ಎಂದರೆ, ಬಾಯಲ್ಲಿ ಹೇಳು, ತಲೆಗೂ ಮಾತಿಗೂ ಏನು ಸಂಬಂಧ ಎಂದಳು ಹೆಂಡತಿ. ಅವಳು ಇದನ್ನು ಸಮಾಧಾನವೆಂದೇ ಹೇಳಿದಳು ಎಂದು ನಂಬಿದ್ದೇನೆ.

ಹಿಂದಿರುಗುವಾಗ ತೇನಿಯಲ್ಲಿ ಬಸ್ಸು ಬದಲಿಸಿ ಆಂಡಿಪಟ್ಟಿಗೆ ಹೋದೆವು. ಗುಡಿಯ ಮುಂದಿನ ಬೇವಿನ ಮರದಡಿ ಕೂತೆ. ಕ್ಷೌರದವನು ತಲೆಗೆ ನೀರು ತಟ್ಟಿ, ಹಣೆಯಿಂದ ನೆತ್ತಿಗೆ ಕತ್ತಿ ಎಳೆದ. ನನ್ನ ಮಡಿಲಲ್ಲಿ ಬಿದ್ದದ್ದು ನಾನು ತಿಳಿದುಕೊಂಡಿದ್ದಕ್ಕಿಂತ ಬೆಳ್ಳಗಿತ್ತು. ಸಿಟ್ಟು ತಡೆಯಲಾಗದೆ ಎದುರಿಗಿದ್ದ ಅವ್ವನನ್ನು ಕೇಳಿದೆ, ಅಮ್ಮೋರ ಮುಂದೆ ನಿಂತು ನಿಜ ಹೇಳು, ನೀನು ಗಂಟು ಕಟ್ಟಿದ ಮೇಲೆಯೇ ನಾನು ಕೂಗಿದ್ದಾ?

ಅವ್ವ ಪ್ರಾಮಾಣಿಕವಾಗಿ ಯೋಚಿಸಿದಳು.

"ಅದೇ ರಾಸಾ, ನಂಗೂ ನೆಪ್ಪಿಲ್ಲ. ನೀನ್ ಕೂಗ್ದಾಗ ಕಟ್ತಿದ್ನೋ, ಕಟ್ಟಾಗಿತ್ತೋ. ಸಂದೇಹ ಬಂದ್ಮೇಲೆ ಕೊಟ್ಬುಡೋದೇ ವಾಸಿ."

ಸಂದೇಹವಿರುವಾಗ ಒಪ್ಪಬೇಡಿ ಎಂದು ಊರೂರಲ್ಲಿ ಹೇಳಿಕೊಂಡು ಬಂದವನು ನಾನು. ಸಂದೇಹವಿರುವಾಗ ಕೊಟ್ಟುಬಿಡಿ ಎನ್ನುವ ಈ ಪಕ್ಷಕ್ಕೂ ನನ್ನಲ್ಲಿ ಉತ್ತರವಿತ್ತು, ಉದ್ದವಾದದ್ದೇ ಇತ್ತು. ಕ್ಷೌರದವನು ಕತ್ತಿ ಎತ್ತಿ ಹಿಡಿದು, ನಮ್ಮ ಮಾತು ಮುಗಿಯಲೆಂದು ಕಾಯುತ್ತಿದ್ದ. ಆದರೆ ತಲೆಯ ಬಲಭಾಗ ಆಗಲೇ ಬೋಳಾಗಿತ್ತು, ಆ ಸ್ಥಿತಿಯಲ್ಲಿ ತತ್ವಕ್ಕಾಗಿ ಎದ್ದು ನಡೆದ ಸಂದೇಹವಾದಿಯನ್ನು ನಾನಂತೂ ಕಂಡಿಲ್ಲ. ಎಡಭಾಗವನ್ನೂ ಮುಗಿಸಪ್ಪ ಎಂದೆ.