ಚಿಕ್ಕಪ್ಪನ ಬ್ಲಾಗಿಗೆ ಜನ ಬಂದದ್ದು

ನಮ್ಮ ಚಿಕ್ಕಪ್ಪನಿಗೆ ಒಂದು ಕಾಲದಲ್ಲಿ ಬ್ರೆಜಿಲ್, ಪೋಲೆಂಡ್, ಇಂಡೋನೇಷ್ಯಾ, ಹೀಗೆ ಕಂಡಕಂಡ ದೇಶಗಳಲ್ಲೆಲ್ಲ ಓದುಗರಿದ್ದರು. ಅವರಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ ಅನ್ನುವುದೊಂದೇ ಸಣ್ಣ ಕೊರತೆ! ಅದೊಂದನ್ನು ಬಿಟ್ಟರೆ, ಮಳವಳ್ಳಿ ತಾಲ್ಲೂಕಿನಲ್ಲಿ ಇಷ್ಟು ದೇಶಗಳಿಗೆ ಹಬ್ಬಿದ ಲೇಖಕ ಇನ್ನೊಬ್ಬನಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ.

ಚಿಕ್ಕಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಮಂಡ್ಯ, ಮದ್ದೂರು, ಮಳವಳ್ಳಿ, ಮುತ್ತತ್ತಿ: ಜೀವಮಾನವೆಲ್ಲ ಇಷ್ಟರಲ್ಲೇ ಓಡಾಡಿದರು. ನಿವೃತ್ತಿಯಾದದ್ದು ಕಾಗದದ ಮೇಲೆ ಮಾತ್ರ. ಈಗಲೂ ಮದುವೆ ಮನೆಯ ಊಟದ ಕೋಣೆಯ ಬಾಗಿಲಲ್ಲಿ ನಿಂತರೆಂದರೆ, "ಒಳಕ್ಕೋಗಿ, ಒಳಕ್ಕೋಗಿ, ಮುಂದ್ಕೆ ಜಾಗ ಅದೆ!" ಎಂದು ಕೂಗು ಹಾಕುತ್ತಾರೆ. ಆಶ್ಚರ್ಯವೆಂದರೆ ಜನ ಒಳಕ್ಕೆ ಹೋಗಿಬಿಡುತ್ತಾರೆ! ಹೆಣ್ಣಿನ ತಂದೆಯೇ ಒಮ್ಮೆ ಬೀಗರನ್ನು ಬಿಟ್ಟು ಮುಂದಕ್ಕೆ ಸರಿದು ನಿಂತಿದ್ದುಂಟು.

ಅಂಥವರು ಮನೆಯಲ್ಲಿ ಸುಮ್ಮನೆ ಕೂತರೆ ಚಿಕ್ಕಮ್ಮನ ಗತಿಯೇನು? ನಾನು ಮಂಡ್ಯದಿಂದ ಭಾನುವಾರ ಬಂದಾಗಲೆಲ್ಲ ಚಿಕ್ಕಮ್ಮ ನನ್ನ ಹತ್ತಿರ ಗೋಳಾಡುತ್ತಿದ್ದರು. "ಏನಾರ ಕೆಲ್ಸ ಕೊಡವ್ವ ನಿಮ್ಮ ಚಿಕ್ಕಪ್ಪಂಗೆ. ಅಡ್ಗೆಮನೇಲಿ ನಿಂತ್ಕಂಡು ಸಾರಿನ ಪಾತ್ರೆಗೂ ಮುಂದ್ಕೋಗು ಅಂತಾವ್ರೆ!" ನಾನು ಅವರಿಗೊಂದು ಬ್ಲಾಗು ಮಾಡಿಕೊಟ್ಟೆ. "ಬಸ್ಸಲ್ಲಿ ಕಂಡದ್ದನ್ನ ಬರೀರಿ ಚಿಕ್ಕಪ್ಪ" ಅಂದೆ.

ಬರೆದರು. ಅಯ್ಯೋ, ಏನು ಬರೆದರು ಅಂತೀರಿ! ಒಂದೊಂದು ಸ್ಟಾಪಿಗೆ ಒಂದೊಂದು ಬರಹ. ಭಾರತೀನಗರದಲ್ಲಿ ಫುಟ್‌ಬೋರ್ಡಿನ ಮೇಲೆ ನೇತಾಡುತ್ತಲೇ ಪರೀಕ್ಷೆಗೆ ಓದಿ ಮುಗಿಸುವ ಹುಡುಗಿಯರು, ಕಬ್ಬಿನ ಗಾಡಿಯ ಹಿಂದೆ ಸಿಕ್ಕಿಕೊಂಡ ಬಸ್ಸಿನೊಳಗೇ ಕುದುರಿದ ಮದುವೆ ಸಂಬಂಧ, ಮುತ್ತತ್ತಿಯಲ್ಲಿ ಹರಕೆಯ ಬಾಳೆಹಣ್ಣನ್ನು ದೇವರಿಗಿಂತ ಮೊದಲು ಕೋತಿಗೆ ಒಪ್ಪಿಸಿ ಅಳುತ್ತಾ ನಿಂತ ಮುದುಕಪ್ಪ. ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವರು ನಮ್ಮ ಚಿಕ್ಕಪ್ಪ ಎಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಎಲ್ಲರೂ "ಓದ್ತೀವಿ, ಓದ್ತೀವಿ" ಅಂದರು. ಓದಿದ್ದು ನಾನೊಬ್ಬಳೇ.

ಹಾಗಿರುವಾಗ ಚಿಕ್ಕಪ್ಪ ಎಲ್ಲಿಂದಲೋ, ಬ್ಲಾಗುಗಳಿಗೆ ಜನ ಕೂಡಿಸಿಕೊಡುವ ಒಂದು ಟ್ರಾಫಿಕ್ ಎಕ್ಸ್‌ಚೇಂಜ್ ಜಾಲವನ್ನು ಪತ್ತೆ ಹಚ್ಚಿದರು. ಅದರ ನಿಯಮ ಇಷ್ಟೇ: ನೀವು ಬೇರೆಯವರ ಪುಟಗಳನ್ನು ಒಂದಾದ ಮೇಲೊಂದು ತೆರೆದು, ಮೂಲೆಯಲ್ಲಿ ಓಡುವ ಗಡಿಯಾರ ನಿಲ್ಲುವವರೆಗೆ ಕಾಯಬೇಕು. ಕಾದದ್ದಕ್ಕೆ ಅಂಕ ಸಿಗುತ್ತದೆ. ಆ ಅಂಕಕ್ಕೆ ಸರಿಯಾಗಿ ಬೇರೆಯವರು ಬಂದು ನಿಮ್ಮ ಪುಟ ತೆರೆದು ಕಾಯುತ್ತಾರೆ. ನನಗೆ ಅನುಮಾನ.

"ಇದ್ರಿಂದ ಪ್ರಯೋಜನ ಇದ್ಯಾ ಚಿಕ್ಕಪ್ಪ?"

"ಟ್ರಾಫಿಕ್ಕಿನ ಇಸ್ಯ ನಂಗೇ ಏಳ್ಕೊಡ್ತೀಯಾ? ಮದ್ದೂರು ಸರ್ಕಲ್ಲಲ್ಲಿ ಜೀವ ತೇದೋನು ಕಣವ್ವ ನಾನು!"

ಮುಗಿಯಿತಲ್ಲ! ಬೆಳಿಗ್ಗೆ ಕಾಫಿ ಕುಡಿದು ಕಂಪ್ಯೂಟರಿನ ಮುಂದೆ ಕೂತರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ. ಮಿಕ್ಕ ಸದಸ್ಯರೆಲ್ಲ ಪುಟ ತೆರೆದಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದರೋ ಏನೋ, ನಮ್ಮ ಚಿಕ್ಕಪ್ಪ ಮಾತ್ರ ಪ್ರತಿಯೊಂದನ್ನೂ ಓದಿದರು! ನಾಯಿಗೆ ಹಚ್ಚುವ ಸೋಪು, ಬೋಳುತಲೆಗೆ ಮದ್ದು, ಮನೆಯಲ್ಲೇ ಕೂತು ಕೋಟ್ಯಧೀಶರಾಗುವ ಬಗೆ, ಒಂದನ್ನೂ ಬಿಡಲಿಲ್ಲ. ಓದಿದ ಮೇಲೆ ಮರ್ಯಾದೆಗೆ ನಾಲ್ಕು ಮಾತು ಹೇಳಬೇಡವೇ? ತೂಕ ಇಳಿಯುತ್ತಿಲ್ಲವೆಂದು ಯಾವುದೋ ದೂರದೇಶದ ಹೆಣ್ಣುಮಗಳು ಬರೆದುಕೊಂಡಿದ್ದ ಪುಟದ ಕೆಳಗೆ ಕನ್ನಡದಲ್ಲೇ ಉತ್ತರ ಬರೆದರು: "ತಾಯಿ, ನಿಮ್ಮ ಊಟದಲ್ಲಿ ಮುದ್ದೆ ಇಲ್ಲ. ತೊಂದರೆ ಇರುವುದು ಅಲ್ಲಿ." ಆಕೆ ಅದಕ್ಕೆ ಕೆಂಪು ಹೃದಯದ ಗುರುತು ಹಾಕಿದ್ದಳು. ಅದನ್ನು ನೋಡಿದ ಚಿಕ್ಕಮ್ಮ ಎರಡು ದಿನ ಮಾತು ಬಿಟ್ಟರು.

ಮಾತು ಮತ್ತೆ ಶುರುವಾದದ್ದೂ ಆ ಜಾಲದ ದೆಸೆಯಿಂದಲೇ. ಒಂದು ಭಾನುವಾರ ಪರದೆಯ ಮೇಲೆ ಪ್ರಶ್ನೆಯೊಂದು ಬಂತು. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು, "ಇದೇನವ್ವ, ನೀನು ಮನುಸ್ಯನಾ ಅಂತ ಕೇಳ್ತಾ ಅದೆ?" ಅಂದರು.

ಅಡುಗೆಮನೆಯಿಂದ ಚಿಕ್ಕಮ್ಮನ ದನಿ ಬಂತು. "ಅದ್ಕೂ ಅನ್ಮಾನ ಬಂತಾ? ಮದ್ವೆ ಆದಾಗಿಂದ ನಾನೂ ಅದ್ನೇ ಕೇಳ್ತಾವ್ನಿ!"

ಏನೇ ಅನ್ನಿ, ಜನ ಬಂದರು. ಬ್ಲಾಗಿಗೆ ಬಂದವರ ಎಣಿಕೆ ಜಾತ್ರೆಯ ಬಸ್ಸಿನಂತೆ ತುಂಬಿ ತುಳುಕಿತು. ಚಿಕ್ಕಪ್ಪ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಹೋಗಿ ಕೂತರು. ಅವರ ಬಸ್ಸಿಗೇ ಡ್ರೈವರಾಗಿದ್ದ ಗೆಳೆಯರೂ ಅಲ್ಲಿದ್ದರು.

"ಬ್ರೆಜಿಲ್‌ನಾಗೆ ನನ್ ಬರಹ ಓದ್ತಾವ್ರೆ ಕಣ್ಲಾ" ಎಂದರು ಚಿಕ್ಕಪ್ಪ.

ಡ್ರೈವರು ಟೀ ಹೀರಿ ಬಹಳ ಯೋಚನೆ ಮಾಡಿ ಕೇಳಿದರು. "ಅದು ಯಾವ ಹೋಬ್ಳಿಗೆ ಬತ್ತದ್ಲಾ?"

ಚಿಕ್ಕಪ್ಪ ನಗಲಿಲ್ಲ. ಅವರಿಗೆ ಅದು ಹೆಮ್ಮೆಯ ವಿಷಯ. ಆದರೆ ಒಂದು ಸಂಗತಿ ನನ್ನನ್ನು ಕೊರೆಯತೊಡಗಿತು. ಜಾಲದಲ್ಲಿ ಕಾಯುವುದರಲ್ಲೇ ಹೊತ್ತು ಕಳೆದು, ಅವರು ಹೊಸದಾಗಿ ಬರೆಯುವುದೇ ನಿಂತುಹೋಗಿತ್ತು. ಕಡೆಗೆ ಹೇಳಿಯೇಬಿಟ್ಟೆ. "ಬಂದೋರು ಯಾರೂ ಓದ್ತಿಲ್ಲ ಚಿಕ್ಕಪ್ಪ. ಗಡಿಯಾರ ನಿಂತ ತಕ್ಷಣ ಓಡಿಹೋಗ್ತಾರೆ."

ಅವರು ಒಪ್ಪಲಿಲ್ಲ. ಪರೀಕ್ಷೆ ಮಾಡಿಯೇ ಬಿಡುತ್ತೇನೆಂದು ಹೊಸ ಬರಹವೊಂದನ್ನು ಹಾಕಿದರು. ಅದರಲ್ಲಿ, ಕಾಡಿನ ನಡುವೆ ಕಾವೇರಿ ದಡದಲ್ಲಿರುವ ಮುತ್ತತ್ತಿಯನ್ನು ಎತ್ತಿಕೊಂಡು ಹೋಗಿ ಮಂಡ್ಯದ ರೈಲ್ವೆ ಸ್ಟೇಷನ್ನಿನಲ್ಲಿ ಇಟ್ಟರು! ಕಾವೇರಿ ಪ್ಲಾಟ್‌ಫಾರಂ ಮೇಲೆ ಹರಿಯುತ್ತಾಳೆಂದೂ, ಕೋತಿಗಳು ಪಾಸು ಮಾಡಿಸಿಕೊಂಡು ದಿನಾ ಬೆಂಗಳೂರಿಗೆ ಹೋಗಿಬರುತ್ತವೆಂದೂ ಬರೆದರು. "ನೋಡ್ತಿರು, ಎಂಗೆ ಬೈತಾರೆ ಅಂತ" ಅಂದರು.

ಆ ವಾರ ಹಿಂದೆಂದೂ ಬಾರದಷ್ಟು ಜನ ಬಂದರು. ಬೈದವರು ಒಬ್ಬರೂ ಇಲ್ಲ.

ಮುಂದಿನ ಭಾನುವಾರ ನಾನು ಹೋದಾಗ ಚಿಕ್ಕಪ್ಪ ಜಗಲಿಯ ಮೇಲೆ ಕೂತಿದ್ದರು. ಒಳಕ್ಕೆ ಹೋಗು ಅಂತಲೂ ಅನ್ನಲಿಲ್ಲ. ಮೆಲ್ಲಗೆ ಹೇಳಿದರು. "ಖಾಲಿ ಬಸ್ಸು ಓಡ್ಸುದ್ರೂ ಬೇಜಾರಿಲ್ಲ ಕಣವ್ವ. ಸೀಟಲ್ಲೆಲ್ಲ ಬೊಂಬೆ ಕೂರುಸ್ಕಂಡು ಬಸ್ಸು ತುಂಬದೆ ಅನ್ನದು ಐತಲ್ಲ, ಅದು ಬ್ಯಾಡ. ಎಲ್ಲಾನೂ ಬುಟ್ಬುಟ್ಟೆ."

ಚಿಕ್ಕಮ್ಮ ಖುಷಿಪಡುತ್ತಾರೆಂದುಕೊಂಡಿದ್ದೆ. ಅವರು ಗಂಡನಿಗೆ ಕಾಫಿ ಕೊಟ್ಟು, "ಆ ಜನಾನ ಬುಡಿ. ಬರೆಯದ ಯಾಕ್ ಬುಡ್ತೀರಿ?" ಅಂದರು.

ಮತ್ತೆ ಬರೆದರು. ಮೊದಲು ಬರೆದದ್ದು ಹಲಗೂರಿನ ಕಡೆಯ ಹಳ್ಳಿಯೊಂದರಿಂದ ಮಳವಳ್ಳಿ ಸಂತೆಗೆ ಕೋಳಿ ತರುತ್ತಿದ್ದ ಹೆಂಗಸಿನ ಬಗ್ಗೆ. ಒಂದು ದಿನ ಬುಟ್ಟಿಯಿಂದ ಜಾರಿಕೊಂಡ ಹುಂಜ ಹಾರಿ ಹೋಗಿ ಡ್ರೈವರ ಹೆಗಲ ಮೇಲೆ ಕೂತಿತಂತೆ. ಡ್ರೈವರು ಅದನ್ನು ಚಿಕ್ಕಪ್ಪನ ಕೈಯೆಂದು ತಿಳಿದು, "ತಡೀಲಾ, ಸ್ಟಾಪ್ ಬತ್ತು" ಅಂದರಂತೆ! ಇಡೀ ಬಸ್ಸು ನಕ್ಕಿತು, ಎಲ್ಲರಿಗಿಂತ ಜೋರಾಗಿ ನಕ್ಕವಳು ಆ ಹೆಂಗಸು, ಅವಳು ಹತ್ತಿದ ದಿನ ಬಸ್ಸಿನಲ್ಲಿ ನಗು ತಪ್ಪುತ್ತಲೇ ಇರಲಿಲ್ಲ ಎಂದು ಬರೆದು, ಅವಳ ಊರಿನ ಹೆಸರನ್ನೂ ಹಾಕಿದ್ದರು.

ಬ್ರೆಜಿಲ್ ಬರಲಿಲ್ಲ. ಪೋಲೆಂಡೂ ಬರಲಿಲ್ಲ. ಕೆಲವು ವಾರಗಳಾದ ಮೇಲೆ ಕೆಳಗೊಂದು ಕಾಮೆಂಟು ಬಂತು: "ಆ ಊರು ನಮ್ಮದು. ನಿಮ್ಮನ್ನು ನೋಡಬಹುದಾ?"

ಭಾನುವಾರ ಬಂದವಳು ಮಂಡ್ಯದ ಶಾಲೆಯೊಂದರಲ್ಲಿ ಪಾಠ ಹೇಳುವ ಹೆಣ್ಣುಮಗಳು. ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆಯೆಂದು ಫೋನಿನಲ್ಲಿ ಹುಡುಕುವಾಗ ಚಿಕ್ಕಪ್ಪನ ಬರಹ ಸಿಕ್ಕಿತ್ತಂತೆ. ಚಿಕ್ಕಮ್ಮ ಕೊಟ್ಟ ನೀರಿನ ಲೋಟವನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು.

"ಕೋಳಿ ಬುಟ್ಟಿ ತರ್ತಿದ್ದುದು ನಮ್ಮವ್ವ ಸಾರ್. ಈಗಿಲ್ಲ, ತೀರೋದ್ರು" ಅಂದಳು. ಚಿಕ್ಕಪ್ಪನ ಮುಖ ನೋಡಿ ಕೇಳಿದಳು. "ಅವ್ವ ದಿಟವಾಗ್ಲೂ ನಗ್ತಿದ್ರಾ?"

ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ.

"ಅಪ್ಪ ಹೋದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅವ್ವ ಮನೇಲಿ ನಗೋದ ನಾನು ಒಂದು ದಿನಾನೂ ನೋಡ್ನಿಲ್ಲ. ನಂಗಾಗಿ ದುಡಿದೂ ದುಡಿದೂ ನಗೋದೇ ಮರ್ತೋಯ್ತೇನೋ ಅನ್ಕಂಡಿದ್ದೆ. ನೀವು ಸುಮ್ನೆ ಚೆಂದಕ್ಕೆ ಬರುದ್ರಾ, ಇಲ್ಲ ದಿಟವಾ ಅಂತ ಕೇಳನ ಅಂತ ಬಂದೆ."

ಚಿಕ್ಕಪ್ಪ ಎದ್ದು ನಿಂತರು. ಕೋಣೆಯ ನಡುವೆ ಬಸ್ಸಿನ ಕಂಬಿ ಹಿಡಿದವರಂತೆ ಕೈ ಎತ್ತಿ, ಅವಳ ಅವ್ವ ಎಲ್ಲಿ ಕೂತಿದ್ದಳು, ಬುಟ್ಟಿ ಎಲ್ಲಿತ್ತು, ಹುಂಜ ಹೇಗೆ ಹಾರಿತು ಎಂದು ಆಡಿ ತೋರಿಸಿದರು. ಕತ್ತು ಹೊರಳಿಸದೆ "ತಡೀಲಾ" ಅಂದ ಡ್ರೈವರಾದರು. ಆ ವಯಸ್ಸಿನಲ್ಲಿ ರೆಕ್ಕೆ ಬಡಿದು ಹುಂಜವೂ ಆದರು!

ಅವಳು ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಡೆಯಲಾಗಲಿಲ್ಲ. ಲೋಟದ ನೀರು ತುಳುಕಿ ಸೀರೆಯ ಮೇಲೆ ಚೆಲ್ಲುವಷ್ಟು ಜೋರಾಗಿ, ಮೈಯೆಲ್ಲ ಕುಲುಕಿಸಿ ನಕ್ಕಳು. ಕಣ್ಣಿಂದ ನೀರು ಇಳಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ.

ಚಿಕ್ಕಪ್ಪ ಎತ್ತಿದ ಕೈ ಇಳಿಸಿ ಅವಳನ್ನೇ ನೋಡುತ್ತಾ ನಿಂತರು.

"ಇಂಗೇ ಕಣವ್ವ" ಅಂದರು. "ನಿಮ್ಮವ್ವ ಇಂಗೇ ನಗ್ತಿದ್ದುದು."