ಪಿತ್ತಕೋಶದ ಕಲ್ಲು, ನಾಲ್ಕು ಕೈಯ ಯಂತ್ರ

“ಆ ಮಷೀನ ನನ್ನ ಮುಟ್ಟಿತು ಅಂದ್ರ ಹಿಂಗ ಎದ್ದು ಅಣ್ಣಿಗೇರಿಗೆ ನಡಕೋಂತ ಹೋಗ್ತೀನಿ,” ಎಂದ ಬೀರಲಿಂಗಪ್ಪ.

“ಹೋಗ್ರಿ. ನಿನ್ನಿ ಸಂಡಾಸಕ್ಕ ಹೋಗಾಕ ನನ್ನ ಹೆಗಲ ಬೇಕಾಗಿತ್ತು,” ಎಂದಳು ಹೆಂಡತಿ ಸುಶೀಲವ್ವ.

ಹುಬ್ಬಳ್ಳಿಯ ಆಸ್ಪತ್ರೆಯ ವಾರ್ಡಿನಲ್ಲಿ ಬೆಳಗಿನಿಂದ ಇದೇ ಜಗಳ. ಬೀರಲಿಂಗಪ್ಪ ಅಣ್ಣಿಗೇರಿಯ ಸುತ್ತ ಜೆಸಿಬಿ ಓಡಿಸುವವನು. ಪಿತ್ತಕೋಶದಲ್ಲಿ ಕಲ್ಲಾಗಿ, ಎರಡು ತುತ್ತು ತಿಂದರೆ ಹೊಟ್ಟೆ ಹಿಡಿದುಕೊಂಡು ಉರುಳಾಡುವ ಹಾಗಾಗಿತ್ತು. ಆಪರೇಶನ್ನಿಗೆ ಹೂಂ ಅಂದವನೇ. ಆದರೆ ಅದನ್ನು ಮಾಡುವುದು ರೋಬೋಟ್ ಎಂದು ಪಕ್ಕದ ಮಂಚದವನು ಹೇಳಿದ್ದೇ ತಡ, ಹಸಿದ ಹೊಟ್ಟೆಯಲ್ಲೇ ಆವೇಶ ಬಂದಿತ್ತು.

“ಅದಕ್ಕ ನಾಕ ಕೈ ಅದಾವಂತ.”

“ಚಲೋ ಆತಲ್ಲ. ನಿಮಗ ಎರಡ. ಒಂದು ಮೊಬೈಲ ಹಿಡದಿರತೈತಿ, ಇನ್ನೊಂದು ತಂಬಾಕ ತಿಕ್ಕತಿರತೈತಿ.”

“ನಡುವ ಕರೆಂಟ್ ಹೋದ್ರ?”

“ಇದೇನ ನಮ್ಮೂರ ಹಿಟ್ಟಿನ ಗಿರಣೀನ್ರಿ?”

ಅಷ್ಟರಲ್ಲಿ ಸರ್ಜನ್ ತಬಸುಮ್ ಬಂದರು. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ, ತಾವೇ ಅದೇ ಕೋಣೆಯ ಮೂಲೆಯಲ್ಲಿ ಕುಳಿತು ಹಿಡಿಕೆ ಆಡಿಸುವುದು, ತಮ್ಮ ಕೈ ಆಡಿದಂತೆ ಅದರ ಕೈ ಆಡುತ್ತದೆ ಎಂದು ಸಮಾಧಾನವಾಗಿ ತಿಳಿಸಿದರು. ಬೀರಲಿಂಗಪ್ಪನ ಮುಖ ಇನ್ನಷ್ಟು ಬಿಳುಚಿತು.

“ಅಂದ್ರ ಇದು ಜೆಸಿಬಿನ ಆತಲ್ರಿ, ಡಾಕ್ಟರ್ ಬಾಯಾರ.”

“ಹಂಗ ಅನ್ಕೋರಿ. ಲಿವರ್ ಸ್ವಲ್ಪ ಮ್ಯಾಲ ಎತ್ತತೀನಿ, ಕೆಳಗಿನ ಪಿತ್ತಕೋಶ ಬಿಡಿಸಿ ತಗೀತೀನಿ.”

“ಲಿವರ್ ಎತ್ತಿದ್ರ ಬಕೆಟ್ ಬಂದು ನನ್ನ ಹೊಟ್ಟಿ ಮ್ಯಾಲ ಬೀಳತೈತ್ರಿ.”

“ಯಾವ ಬಕೆಟ್ಟು? ನಾ ಹೇಳಿದ್ದು ನಿಮ್ಮ ಲಿವರ್.”

“ನಂದು ಅಣ್ಣಿಗೇರ್ಯಾಗ ಐತ್ರಿ. ಮಾಲಕರು ಚಾವಿ ಇಸಗೊಂಡಾರ.”

ತಬಸುಮ್ ನಗು ತಡೆದುಕೊಂಡು ಅವನ ಬಲ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು, ಇದು ಯಕೃತ್ತು, ನಾನಂದ ಲಿವರ್ ಇದು, ನಿಮ್ಮ ಜೆಸಿಬಿಯ ಹಿಡಿಕೆಯಲ್ಲ ಎಂದರು. ವಾರ್ಡಿಗೆ ವಾರ್ಡೇ ನಕ್ಕಿತು. ನಕ್ಕಮೇಲೆ ಬೀರಲಿಂಗಪ್ಪ ತನ್ನ ನಿಜವಾದ ದಿಗಿಲನ್ನು ಹೊರಹಾಕಿದ: ಹೋದ ಮಳೆಗಾಲದಲ್ಲಿ ಗಟಾರ ತೋಡಲು ಹೋಗಿ ಓಣಿಯ ನೀರಿನ ಪೈಪನ್ನೇ ಕಿತ್ತಿದ್ದ. ಹಿಡಿಕೆ ಹಿಡಿದವನ ಕೈ ಎಲ್ಲಿ ಜಾರುತ್ತದೆಂದು ಅವನಿಗೆ ಗೊತ್ತು.

“ಅದು ನಿಮ್ಮ ಕೈ,” ಎಂದಳು ಸುಶೀಲವ್ವ. “ಬಾಯಾರು ಮೊಬೈಲಿನ್ಯಾಗ ಮಾತಾಡಕೋಂತ ಕೊಯ್ಯೂದಿಲ್ಲ.”

ಬೀರಲಿಂಗಪ್ಪ ತಲೆಯಾಡಿಸಿ ಒಪ್ಪಿದ.

ಮಧ್ಯಾಹ್ನ ಸ್ಟ್ರೆಚರ್ ಥಿಯೇಟರಿನ ಬಾಗಿಲಿಗೆ ಬಂತು. ಬಾಗಿಲು ತೆರೆದಾಗ ಒಳಗೆ ಪ್ಲಾಸ್ಟಿಕ್ ಹೊದ್ದು, ಕೈಗಳನ್ನೆಲ್ಲ ಮೇಲೆತ್ತಿ ನಿಂತಿದ್ದ ಯಂತ್ರ ಸುಶೀಲವ್ವನ ಕಣ್ಣಿಗೆ ಬಿತ್ತು. ಅವಳು ಸ್ಟ್ರೆಚರಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು.

“ನಡೀರಿ, ಮನಿಗೆ ಹೋಗೂಣು.”

“ಈಗ?”

“ಕಲ್ಲು ಇದ್ರ ಇರಲಿ. ನೀವು ಇರ್ರಿ.”

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಇಂಥ ಮಾತಾಡಿದ್ದನ್ನು ಬೀರಲಿಂಗಪ್ಪ ಕೇಳಿರಲಿಲ್ಲ. ಎದೆಯಲ್ಲಿದ್ದ ಅಂಜಿಕೆ ಎಲ್ಲಿ ಹೋಯಿತೋ. ಅವಳ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿದ.

“ಹುಚ್ಚಿ, ಅದು ಮಷೀನ. ಬಾಯಾರು ಹೇಳಿದಂಗ ಕೇಳತೈತಿ. ಚಾ ಕುಡದ ಬಾ, ಹೋಗು,” ಎಂದು ಒಳಗೆ ಹೋದ.

ಸಂಜೆ ಎಚ್ಚರವಾದಾಗ ಹೊಟ್ಟೆಯ ಮೇಲೆ ಸಣ್ಣ ಸಣ್ಣ ಪಟ್ಟಿಗಳಿದ್ದವು. ಪಕ್ಕದ ಮಂಚದವರ ಮುಂದೆ ಸುಶೀಲವ್ವನ ವರ್ಣನೆ ಆಗಲೇ ರಂಗೇರಿತ್ತು: ಥಿಯೇಟರಿನ ಬಾಗಿಲಲ್ಲಿ ಇವರು ಗಡಗಡ ನಡುಗಿದರಂತೆ, ತಾನೇ ಧೈರ್ಯ ಹೇಳಿ ಒಳಗೆ ನೂಕಿದಳಂತೆ. ಬೀರಲಿಂಗಪ್ಪ ನಿಜ ಹೇಳಲು ಬಾಯಿ ತೆರೆದ. ಮಾತಿಗಿಂತ ಮೊದಲು ನಗು ಬಂತು, ಹೊಲಿಗೆ ಜಗ್ಗಿತು, ಬಾಯಿ ಮುಚ್ಚಿದ. ಮತ್ತೆ ತೆರೆದ. ಮತ್ತೆ ಜಗ್ಗಿತು.

ನೋಡಲು ಬಂದ ತಬಸುಮ್, ಹೇಗಿದ್ದಾರೆ ನಮ್ಮ ಡ್ರೈವರ್ ಸಾಹೇಬರು ಎಂದು ಕೇಳಿದರು.

“ಅಗದಿ ಆರಾಮ ಅದಾರ್ರಿ,” ಎಂದಳು ಸುಶೀಲವ್ವ. “ಕಲ್ಲಿನ ಜೋಡಿ ಎದುರುತ್ತರಾನೂ ತಗದೀರಿ. ಹೊಲಿಗಿ ಲಗೂ ಬಿಚ್ಚಬ್ಯಾಡ್ರಿ.”